ನನ್ನ ಉಸಿರಿಗೆ ನೀರು ದಾಟಿದ ದಿನ

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ಟೈಫಾಯ್ಡ್ ಜ್ವರ ಬಂದು ಬಹಳ ದಿನ ಮಲಗಿದ್ದೆ. ನಮ್ಮ ಊರು ಅಕ್ಕಲಕೋಟೆ ಹತ್ತಿರದ ಮೈಂದರ್ಗಿ. ಜ್ವರ ಇಳಿಯಿತು ಎನ್ನುವಷ್ಟರಲ್ಲಿ ಎದೆಯ ಬಲಗಡೆ ಚುಚ್ಚತೊಡಗಿತು. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಅಪ್ಪ ನನ್ನನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಸೊಲ್ಲಾಪುರದ ದವಾಖಾನೆಗೆ ತಂದ. ಅವ್ವ ತೊಟ್ಟಿಲ ಕೂಸನ್ನು ಬಿಟ್ಟು ಬರುವಂತಿರಲಿಲ್ಲ. ಹೀಗಾಗಿ ಅಕ್ಕ ಜೊತೆಗೆ ಬಂದಳು.

ಟೈಫಾಯ್ಡು ಶ್ವಾಸಕೋಶಕ್ಕೂ ತಗಲಿ, ಅದರ ಸುತ್ತ ಕೀವು ತುಂಬಿತ್ತು. ಬೆನ್ನಿಗೆ ದಪ್ಪ ಸೂಜಿ ಚುಚ್ಚಿ ಅದನ್ನು ತೆಗೆಯುವಾಗಲೆಲ್ಲ ಅಪ್ಪ ನನ್ನ ತಲೆಯನ್ನು ತನ್ನ ಎದೆಗೆ ಒತ್ತಿಕೊಳ್ಳುತ್ತಿದ್ದ. ಅವನ ಅಂಗಿಗೆ ಜೋಳದ ಕಣಿಕೆಯ ವಾಸನೆ. ಕೀವೇನೋ ಹೋಯಿತು. ಆದರೆ ಅಷ್ಟು ದಿನ ಅದುಮಿಕೊಂಡಿದ್ದ ಶ್ವಾಸಕೋಶ ಮತ್ತೆ ಅರಳಲಿಲ್ಲ.

ಒಂದು ಮುಂಜಾನೆ ಡಾಕ್ಟರು ನನ್ನ ಮಂಚದ ಬಳಿ ಎರಡು ಗಾಜಿನ ಬಾಟಲಿ ಇಡಿಸಿದರು. ನಡುವೆ ರಬ್ಬರ್ ನಳಿಕೆ, ಒಂದರಲ್ಲಿ ನೀರು, ಅದರ ಬಾಯಿಗೆ ಊದಲು ಇನ್ನೊಂದು ನಳಿಕೆ. ನಾನು ಊದಿದರೆ ಆ ನೀರು ಇನ್ನೊಂದಕ್ಕೆ ದಾಟಬೇಕು. ಶ್ವಾಸಕೋಶಕ್ಕೆ ಡಾಕ್ಟರು ಮರಾಠಿಯಂತೆ ಫುಪ್ಪುಸ ಎನ್ನುತ್ತಿದ್ದರು.

"ಊದ್ಲಿಲ್ಲಂದ್ರ ಫುಪ್ಪುಸ ಹಿಂಗ ಮುದುಡಿಕೊಂಡೇ ಇರ್ತದ. ಆಮ್ಯಾಲ ಎದಿ ಕೊಯ್ಯಬೇಕಾಗ್ತದ," ಎಂದು ಅಪ್ಪನಿಗೆ ಹೇಳಿದರು.

"ಊದ್ತಾನ್ರಿ ಸಾಹೇಬ್ರ," ಎಂದ ಅಪ್ಪ, ಮೆಲ್ಲಗೆ.

ಊದಿದೆ. ನೀರು ಅಲುಗಾಡಲಿಲ್ಲ. ಪಕ್ಕೆಯೊಳಗೆ ಯಾರೋ ಏನನ್ನೋ ಹರಿದಂತಾಯಿತು. ಊದುವ ನಳಿಕೆ ಎಸೆದು ಅತ್ತುಬಿಟ್ಟೆ.

ಅಕ್ಕ ಬೈಯಲಿಲ್ಲ. ನಳಿಕೆ ತೊಳೆದು ತಂದಳು. ನೋಯುವ ಕಡೆ ಅಂಗೈ ಇಟ್ಟು, "ಒಮ್ಮಿಗೇ ಊದಬ್ಯಾಡ. ಮನ್ಯಾಗ ಒಲಿ ಊದೂದು ನೋಡಿಯಲ್ಲ? ಬೂದಿ ಹಾರಬಾರದು, ಕೆಂಡ ಹೊತ್ತಬೇಕು. ಹಂಗ ಸಾವಕಾಶ," ಎಂದಳು. ನಾನು ಊದಿದಾಗಲೆಲ್ಲ ತಾನೂ ಕೆನ್ನೆ ಉಬ್ಬಿಸುತ್ತಿದ್ದಳು. ಪಕ್ಕದ ಮಂಚದ ಅಜ್ಜನೂ, ತನಗೇ ದಮ್ಮಿನ ರೋಗವಿದ್ದರೂ, ಉಬ್ಬಿಸುತ್ತಿದ್ದ. ಅವನ ಬಾಯಲ್ಲಿ ಹಲ್ಲಿರಲಿಲ್ಲ. ಅಳುತ್ತಿದ್ದವನಿಗೆ ನಗು ಬಂತು. ನಕ್ಕರೆ ಪಕ್ಕೆ ಇನ್ನೂ ನೋಯುತ್ತಿತ್ತು.

ಸಂಜೆ ಮಿಲ್ಲಿನ ಭೋಂಗಾ ಕೂಗಿದ ಹೊತ್ತಿಗೆ ನೀರು ನಳಿಕೆಯೊಳಗೆ ಏರಿ, ಬಾಗಿ, ಒಂದು ಗುಟುಕಿನಷ್ಟು ಆಚೆಗೆ ಬಿತ್ತು.

"ಅಪ್ಪಾ, ನೀರು ದಾಟ್ತು," ಎಂದಳು ಅಕ್ಕ.

ನನ್ನ ಸಂಕಟ ನೋಡಲಾಗದೆ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಬಂದು, ಬಗ್ಗಿ, ಆಚೆಯ ಬಾಟಲಿಯ ತಳ ನೋಡಿದ. "ಇನ್ನೊಮ್ಮಿ ಊದಪಾ. ನಾ ನೋಡ್ಲಿಲ್ಲ," ಎಂದ.

ನೀರಿನ ಬಾಟಲಿ ಪೂರ್ತಿ ಬರಿದಾಗಲು ಚಳಿಗಾಲವೆಲ್ಲ ಬೇಕಾಯಿತು. ಆದರೆ ಎದೆ ಕೊಯ್ಯುವ ಮಾತು ಮತ್ತೆ ಬರಲಿಲ್ಲ.

ಮಕ್ಕಳೇ, ನಿಮಗೆ ಟೈಫಾಯ್ಡ್ ಬಾರದ ಹಾಗೆ ಸೂಜಿ ಹಾಕಿಸಿದ್ದಾರೆ, ನೀವು ಕುಡಿಯುವುದು ಶುದ್ಧ ಮಾಡಿದ ನೀರು. ನಿಮ್ಮ ಒಂದು ಹಲ್ಲು ಬಿದ್ದರೂ ಫೋನಿನಲ್ಲಿ ಆ ಗಳಿಗೆಗೇ ಎಲ್ಲರಿಗೂ ಫೋಟೊ ಹೋಗುತ್ತದೆ. ಆಗ ಫೋನಿರಲಿಲ್ಲ; ನೀರು ದಾಟಿದ ಸುದ್ದಿಯನ್ನು ಅವ್ವನಿಗೆ ಮುಟ್ಟಿಸಲು ಅಪ್ಪ ಮರುದಿನದ ಬಸ್ಸು ಹತ್ತಿ ಊರಿಗೇ ಹೋದ. ಎಷ್ಟು ನೀರು ದಾಟಿತು ಎಂದು ಅವ್ವ ಕೇಳಿದಳಂತೆ. ಅಪ್ಪ ಬಟ್ಟಲಿಗೆ ಅದೇ ಒಂದು ಗುಟುಕು ನೀರು ಹಾಕಿ ಅವಳ ಮುಂದೆ ಇಟ್ಟನಂತೆ.