ಉಪವಾಸದ ದಿನ ಹಾಕದ ಹನಿ

ಅಮ್ಮನಿಗೆ ಗ್ಲಾಕೋಮಾ ಇದೆ ಎಂದು ಗೊತ್ತಾಗಿ ಮೂರು ವರ್ಷವಾಯಿತು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ದಿನಾ ಸಂಜೆ ಒಂದೊಂದು ಹನಿ ಹಾಕಿದರೆ ಇದ್ದದ್ದು ಉಳಿಯುತ್ತದೆ ಎಂದು ಸಾಗರದ ಡಾಕ್ಟರು ಬಿಡಿಸಿ ಹೇಳಿದ್ದರು. ಅಮ್ಮ ತಲೆಯಾಡಿಸಿದ್ದಳು. ಅವಳು ಎಲ್ಲದಕ್ಕೂ ತಲೆಯಾಡಿಸುತ್ತಾಳೆ, ಅದೇ ತಾಪತ್ರಯ.

ಈ ವರ್ಷ ಬಲಭುಜವನ್ನು ಬಾಗಿಲಿಗೆ ಹೊಡೆದುಕೊಳ್ಳತೊಡಗಿದಳು. ಪಕ್ಕದಲ್ಲೇ ಇದ್ದ ಚೊಂಬು ಎಡವಿ, ಅಲ್ಲಿಟ್ಟದ್ದಕ್ಕೆ ನನ್ನನ್ನು ಬೈದಳು. ಹೊಸನಗರದಿಂದ ಬಸ್ಸು ಹತ್ತಿಸಿ ಮತ್ತೆ ಸಾಗರಕ್ಕೆ ಕರೆದೊಯ್ದೆ. ಬಲಗಣ್ಣು ಹೆಚ್ಚುಕಡಿಮೆ ಹೋಗಿದೆ ಎಂದರು ಡಾಕ್ಟರು.

"ಡ್ರಾಪ್ಸ್ ತಪ್ಸಿದ್ರಾ ಅಮ್ಮ?"

"ಇಲ್ಲಪ್ಪ. ಉಪವಾಸದ ದಿನ ಮಾತ್ರ ಹಾಕ್ಕೊಳಲ್ಲ."

"ಯಾಕೆ?"

"ಕಣ್ಣಿಗೆ ಹಾಕಿದ್ದು ಗಂಟ್ಲಿಗಿಳ್ದು ಕಹಿ ಆಗತ್ತಲ್ಲ. ಬಾಯಿಗೆ ರುಚಿ ಬಂದ್ಮೇಲೆ ಉಪವಾಸ ಎಲ್ಲಿ ಉಳೀತು?"

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಬೆರಳು ಮಡಚಿದೆ. ಸೋಮವಾರ, ಶನಿವಾರ, ಎರಡು ಏಕಾದಶಿ, ಸಂಕಷ್ಟಿ. ತಿಂಗಳಲ್ಲಿ ಹನ್ನೊಂದು ದಿನ! ತಿಂಗಳಿಗೆ ಮುಗಿಯಬೇಕಾದ ಬಾಟಲಿ ನಮ್ಮಲ್ಲಿ ಒಂದೂವರೆ ತಿಂಗಳು ಬರುತ್ತಿತ್ತು. ಅಮ್ಮ ಅಚ್ಚುಕಟ್ಟಾಗಿ ಬಳಸುತ್ತಾಳೆ ಎಂದು ಹೆಮ್ಮೆಪಟ್ಟಿದ್ದ ನನ್ನ ಬುದ್ಧಿಗೆ ಏನೆನ್ನಲಿ.

ಪ್ರಪಂಚದಲ್ಲಿ ಎಷ್ಟೋ ಕಡೆ ಔಷಧಿ ಸಿಗದೆ, ಡಾಕ್ಟರಿಲ್ಲದೆ ಕಣ್ಣು ಕಳೆದುಕೊಳ್ಳುತ್ತಾರಂತೆ. ಅವರ ಹತ್ತಿರ ಯಾವ ಮುಖ ಇಟ್ಟುಕೊಂಡು ಹೇಳುವುದು, ನಮ್ಮನೆಯ ಔಷಧಿ ಫ್ರಿಜ್ಜಿನ ಬಾಗಿಲಲ್ಲೇ ಇತ್ತು ಎಂದು? ಡಾಕ್ಟರು ಒಂದು ಬಸ್ಸಿನಷ್ಟು ದೂರ. ಹೆಂಗಸರಿಗೆ ಆ ಬಸ್ಸೂ ಪುಕ್ಕಟೆ.

ವಾಪಸ್ ಬರುವಾಗ ಬಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ನೋಡಲಿ, ಅವರ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೂತಿದ್ದಳು. ಅದನ್ನು ನೋಡಿದಷ್ಟೂ ನನ್ನ ಸಿಟ್ಟು ಏರಿತು.

"ಸೋಮವಾರ, ಏಕಾದಶಿ, ಸಂಕಷ್ಟಿ ನಾನ್ ಹುಟ್ಟೋಕ್ ಮುಂಚೆಯಿಂದ ಇದ್ವು, ಸರಿ. ಈ ಶನಿವಾರದ ಉಪವಾಸ ಯಾವಾಗ ಗಂಟು ಹಾಕ್ಕೊಂಡೆ? ಅದೊಂದಾದ್ರೂ ಬಿಡಬಾರದಿತ್ತಾ?"

"ಅದ್ ಬಿಡೋ ಹಂಗಿರ್ಲಿಲ್ಲ," ಅಂದಳು ಅಮ್ಮ. "ಮೂರು ವರ್ಷದ ಹಿಂದೆ ಡಾಕ್ಟ್ರು ಹೇಳಿದ್ ವಾರಾನೇ ಶುರು ಮಾಡಿದ್ದು. ಕಣ್ಣು ಉಳೀಲಿ ಅಂತ ಹರಕೆ ಹೊತ್ತಿದ್ದೆ ಕಣೇ."