ಮೂರನೇ ಮಹಡಿ ಇಳಿಯದ ಗೊಂಬೆ

ಅವಳ ಕೆಲಸ ಕಟ್ಟಡಗಳಿಗೆ ಸುಳ್ಳು ಬೆಂಕಿ ಹಚ್ಚುವುದು. ಇನ್ನೂ ಮೇಲೇಳದ ಕಟ್ಟಡದ ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿ, ಒಳಗೆ ಗೊಂಬೆಗಳನ್ನು ತುಂಬಿ, ಅಲಾರಂ ಹೊಡೆದರೆ ಅವೆಲ್ಲ ಎಷ್ಟು ಹೊತ್ತಿಗೆ ಹೊರಬೀಳುತ್ತವೆ ಎಂದು ನೋಡುವುದು. ಗೊಂಬೆ ಬಾಗಿಲಲ್ಲಿ ಸಿಕ್ಕಿಕೊಂಡರೆ ತಪ್ಪು ಕಟ್ಟಡದ್ದೋ ಸಾಫ್ಟ್‌ವೇರಿನದೋ ಎಂದು ಪತ್ತೆ ಹಚ್ಚಬೇಕಾದವಳೂ ಅವಳೇ. "ಬೆಂಕಿ ಹಚ್ಚೋಕೆ ನಮ್ಮನೆ ಸೊಸೆಗೆ ಸಂಬಳ ಕೊಡ್ತಾರೆ" ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಆ ವಾರ ಒಂದು ಗೊಂಬೆ ಅವಳ ತಲೆ ತಿನ್ನುತ್ತಿತ್ತು. ಹೊಸ ವಸತಿ ಕಟ್ಟಡವೊಂದರ ಮಾದರಿಯಲ್ಲಿ, ಅಕ್ಕಪಕ್ಕದವರೆಲ್ಲ ಇಳಿದು ಹೋದ ಮೇಲೂ ಮೂರನೇ ಮಹಡಿಯಲ್ಲಿ ಹೆಂಗಸಿನ ಗೊಂಬೆಯೊಂದು ಅತ್ತಿಂದಿತ್ತ ಓಡಾಡುತ್ತಲೇ ಇತ್ತು. ಅದು ಇಳಿಯದೆ ಲೆಕ್ಕ ಮುಗಿಯದು. ಬಾಗಿಲ ಅಗಲ ನೋಡಿದಳು, ಮೆಟ್ಟಿಲು ಮಹಡಿಗೆ ಕೂಡಿದೆಯೇ ಎಂದು ನೋಡಿದಳು. ಎಲ್ಲ ನೆಟ್ಟಗಿತ್ತು.

"ಅದಕ್ಕೆ ಮನೆ ಬಿಟ್ಟು ಬರೋ ಮನಸ್ಸಿಲ್ಲ ಬಿಡಿ" ಎಂದ ಪಕ್ಕದ ಮೇಜಿನವನು.

ಮುಖ್ಯಸ್ಥರಿಗೆ ತಮಾಷೆ ಬೇಕಿರಲಿಲ್ಲ. "ನಾಳೆ ಮಧ್ಯಾಹ್ನ ಬಿಲ್ಡರ್ ಬರ್ತಾರೆ. ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ಅದನ್ನ ಅಳಿಸಿಬಿಡಿ. ಒಂದು ಗೊಂಬೆ ತಾನೆ?"

"ಅಳಿಸಿದ್ರೆ ಅವಳು ಹೊರಗೆ ಬಂದಂಗಾಗುತ್ತಾ ಸರ್?"

"ನಾಳೆ ಮಧ್ಯಾಹ್ನ" ಎಂದರು ಅವರು.

ಅಳಿಸುವುದು ಸುಲಭವಿತ್ತು. ಆದರೆ ಆ ಮಹಡಿಗೆ ಮುಂದೊಂದು ದಿನ ನಿಜವಾದ ಜನ ಬರುತ್ತಾರೆ; ಅವರನ್ನು ಅಳಿಸಲು ಗುಂಡಿ ಇರುವುದಿಲ್ಲ.

ಮರುದಿನ ಬೆಳಿಗ್ಗೆ ಬೇಗ ಹೊರಡಬೇಕಿತ್ತು. ಗಂಡ ಎಂದಿನಂತೆ ಮೊದಲು ಇಳಿದು, ಕಾರಿನ ಗಾಜು ಒರೆಸುತ್ತಾ ಕೆಳಗಿನಿಂದ "ಹೊತ್ತಾಯ್ತು!" ಎಂದು ಕೂಗಿದ. ಇತ್ತ ಮಗಳ ಒಂದು ಕಾಲುಚೀಲ ಸಿಗಲೊಲ್ಲದು. ಅದು ಸಿಗುವಷ್ಟರಲ್ಲಿ, ಮಂಡಿಯ ಚಿಕಿತ್ಸೆಗೆ ಹೊರಟು ಬಾಗಿಲ ತನಕ ಬಂದಿದ್ದ ಅತ್ತೆ ಕನ್ನಡಕ ಮರೆತೆನೆಂದು ಒಳಹೋಗಿ ಹಾಸಿಗೆಯ ಮೇಲೆ ಕೂತಿದ್ದರು. ಅವರನ್ನು ಎಬ್ಬಿಸಿ ತರುವಷ್ಟರಲ್ಲಿ ಮಗಳು ಶೂ ಬಿಚ್ಚಿ ಟಿ.ವಿ. ಮುಂದೆ.

"ಇಷ್ಟೊತ್ತು ಏನೇ ಮಾಡ್ತಿದ್ದೆ?" ಎಂದ ಗಂಡ, ಮೂವರೂ ಕೊನೆಗೆ ಕಾರಿನ ಬಳಿ ಬಂದಾಗ.

"ಓಡಾಡ್ತಿದ್ದೆ."

ಕಚೇರಿಯಲ್ಲಿ ಅವಳು ಉಳಿದ ಗೊಂಬೆಗಳನ್ನೆಲ್ಲ ಮರೆಮಾಡಿ, ವೇಗ ತಗ್ಗಿಸಿ, ಆ ಒಬ್ಬಳ ಮನೆಯನ್ನಷ್ಟೇ ನೋಡಿದಳು. ಮನೆಯಲ್ಲಿ ಅಜ್ಜಿ, ಮಗು; ಹೆಂಗಸಿನ ಲೆಕ್ಕಕ್ಕೇ ಸೇರಿದ್ದರಿಂದ ಇಡೀ ಕಟ್ಟಡದ ನೋಟದಲ್ಲಿ ಅವರು ಬೇರೆಯಾಗಿ ಕಂಡಿರಲಿಲ್ಲ. ಜೊತೆಯಿಲ್ಲದೆ ಇಬ್ಬರೂ ಇಳಿಯುವಂತಿಲ್ಲ. ಗೊಂಬೆ ಅಜ್ಜಿಯನ್ನು ಮೆಟ್ಟಿಲ ತನಕ ತಂದು, ಮಗುವನ್ನು ಕರೆತರಲು ಕೈಬಿಡುತ್ತಿತ್ತು. ಜೊತೆ ತಪ್ಪಿದವರು ತಮ್ಮ ಜಾಗಕ್ಕೆ ಮರಳಬೇಕೆಂಬ ನಿಯಮ ಮಾದರಿಯಲ್ಲಿತ್ತು, ಅಜ್ಜಿ ಸೀದಾ ಹಾಸಿಗೆಗೆ. ಅಜ್ಜಿಗಾಗಿ ಹೋದರೆ ಮಗು ವಾಪಸು.

ಪಕ್ಕದ ಮೇಜಿನವನು ತಿರುಗಿ ನೋಡುವಷ್ಟು ಜೋರಾಗಿ ಅವಳು ನಕ್ಕಳು. ಆಮೇಲೆ ಮನೆಯ ಗಂಡಸನ್ನು ಹುಡುಕಿದಳು. ಅಲಾರಂ ಆದ ಕೂಡಲೇ ಇಳಿದ ಆಸಾಮಿ ಅಂಗಳದಲ್ಲಿ ಹಸಿರು ಚುಕ್ಕೆಯಾಗಿ ಹಾಯಾಗಿ ನಿಂತಿದ್ದ. 'ಕುಟುಂಬ' ಎಂಬ ಈ ಅಚ್ಚನ್ನು ಹಿಂದೆ ಮಾಡಿದವಳು ತಾನೇ; ಇಬ್ಬರ ಜವಾಬ್ದಾರಿಯನ್ನೂ ಹೆಂಗಸಿನ ತಲೆಗೆ ಕಟ್ಟುವಾಗ ತನ್ನ ಕೈ ಒಂದು ಕ್ಷಣವೂ ತಡೆದಿರಲಿಲ್ಲ.

ಮರಳುವ ನಿಯಮವನ್ನು ಕಿತ್ತುಹಾಕಿದಳು. ಗೊಂಬೆ ಇಳಿಯಿತು, ಆದರೆ ಹೊಗೆ ತುಂಬಿದ ಮೇಲೆ. ಅಜ್ಜಿಯನ್ನು ಗಂಡಸಿಗೆ ವಹಿಸಿ ಮಾದರಿಯನ್ನು ಮತ್ತೆ ಓಡಿಸಿದಳು. ಹೊಗೆಗೆ ಮುಂಚೆಯೇ ನಾಲ್ವರೂ ಹೊರಗೆ.

ಮಧ್ಯಾಹ್ನ ಬಿಲ್ಡರ್ ಕೇಳಿದ, "ಏನ್ ಸರಿ ಮಾಡಿದ್ರಿ ಮೇಡಂ?"

"ಅಂಗಳದಲ್ಲಿ ಸುಮ್ನೆ ನಿಂತಿದ್ದೋರಿಗೆ ಕೆಲ್ಸ ಕೊಟ್ಟೆ. ಆದ್ರೆ ಅವ್ರು ಮನೇಲಿಲ್ದಾಗ ಬೆಂಕಿ ಬಿದ್ರೆ ಅವಳು ಒಬ್ಳೇ. ಅದಕ್ಕೇ ಪ್ರತಿ ಮಹಡಿ ಮೆಟ್ಟಿಲ ಪಕ್ಕ ಹೊಗೆ ಬರದ ಒಂದು ಕೋಣೆ ಬೇಕು, ಅಜ್ಜಿ ಕೂತು ಕಾಯೋಕೆ."

"ಜಾಗ ಹೋಗುತ್ತಲ್ರೀ!"

"ಹೋಗುತ್ತೆ."

ಬಿಲ್ಡರ್ ಮುಖ್ಯಸ್ಥರ ಮುಖ ನೋಡಿದ. ಅವರು ಪರದೆ ನೋಡುತ್ತಿದ್ದರು, ಗಂಡಸೂ ಕೋಣೆಯೂ ಇಲ್ಲದ ಓಟದಲ್ಲಿ ಹೊಗೆಯ ನಡುವೆ ಕೊನೆಗುಳಿದ ಆ ಗೊಂಬೆಯನ್ನು. "ವರದೀಲಿ ಬರೀರಿ ಮೇಡಂ" ಎಂದರು.

ಮಾರನೆಯ ಬೆಳಿಗ್ಗೆ ಅವಳು ಮಗಳ ಕೈಹಿಡಿದು ಮೊದಲು ಇಳಿದು ಕಾರಿನ ಪಕ್ಕ ನಿಂತಳು. ಮೇಲೆ ಕಿಟಕಿ ತೆರೆಯಿತು.

"ಲೇ, ಅಮ್ಮನ ಕನ್ನಡಕ ಎಲ್ಲಿಟ್ಟಿದ್ದೀಯಾ?"

ಅವಳು ಕತ್ತೆತ್ತಿ ಕೂಗಿದಳು: "ಹೊತ್ತಾಯ್ತು!"