ಖಾಲಿ ಬೋಟುಗಳ ನಕಲು

ಪ್ರೇಮಾನಂದನದು ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. ಬಂದರಿನ ಬೋಟಿನವರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ, ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ. ಆದರೂ ಆ ಕುರ್ಚಿಗೆ ಅವನ ಬೆನ್ನು ತಾಗಿದ್ದನ್ನು ಕಂಡವರಿಲ್ಲ. ಒಮ್ಮೆ ಕಿಟಕಿ ಮುಚ್ಚುತ್ತಾನೆ, ಒಮ್ಮೆ ತೆರೆಯುತ್ತಾನೆ. ಕಪಾಟಿನ ಬೀಗವನ್ನಂತೂ ದಿನಕ್ಕೆ ನಾಲ್ಕು ಸಲ ಎಳೆದು ನೋಡಲೇಬೇಕು, ಯಾಕೆಂದರೆ ಅದರೊಳಗೆ ಹಾರ್ಡ್ ಡಿಸ್ಕುಗಳಿವೆ.

ಯಾವ ಬೋಟು ಯಾವತ್ತು ಕಡಲಿಗೆ ಹೋಯಿತು, ಅದರಲ್ಲಿ ಯಾರ್ಯಾರು ಇದ್ದರು ಎಂದು ಬೋಟು ನಡೆಸುವ ತಾಂಡೇಲರು ಫೋನಿನಲ್ಲಿ ಹೇಳುತ್ತಾರೆ, ಇವನು ಬರೆದಿಡುತ್ತಾನೆ. ದಿನಕ್ಕೊಂದು ನಕಲು ತೆಗೆಯುತ್ತಾನೆ. ತಿಂಗಳಾದ ಮೇಲೆ ಹಳೆಯದನ್ನೆಲ್ಲ ಅಳಿಸದಿದ್ದರೆ ಜಾಗ ಸಾಲದು. ವರ್ಷಕ್ಕೊಂದು ನಕಲು ಮಾತ್ರ ಕಾಯಂ. ಅದರ ಇನ್ನೊಂದು ಪ್ರತಿ ಕೋಟೇಶ್ವರದ ಅವನ ಮನೆಯಲ್ಲಿ, ಉಪ್ಪುಗಾಳಿ ತಾಗದ ಹಾಗೆ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟದ್ದು. ಇದನ್ನೆಲ್ಲ ಅವನು ಯಾರು ಕೇಳಲಿ ಬಿಡಲಿ ಹೇಳುತ್ತಿದ್ದ. ಕೇಳಿ ಕೇಳಿ ನಮಗೂ ಬಾಯಿಪಾಠವಾಗಿತ್ತು.

ಆ ಕಾಯಂ ನಕಲನ್ನು ಮಾರ್ಚ್ ಮೂವತ್ತೊಂದಕ್ಕೆ ತೆಗೆಯಿರಿ ಎಂದು ಪ್ರೋಗ್ರಾಮು ಹಾಕಿಕೊಟ್ಟವರು ಹೇಳಿದ್ದರು. ಪ್ರೇಮಾನಂದ ನಕ್ಕುಬಿಟ್ಟಿದ್ದ. "ಮೀನಿಗೆ ಎಂತ ಮಾರ್ಚ್ ಮಾರಾಯ್ರೆ" ಎಂದಿದ್ದ. ತಪ್ಪೇನಲ್ಲ, ನಮ್ಮ ಬಂದರಿನಲ್ಲಿ ವರ್ಷ ಮುಗಿಯುವುದು ಮೇ ಕೊನೆಗೆ, ಮಳೆಗಾಲಕ್ಕೆ ಮೀನುಗಾರಿಕೆ ನಿಂತು ಬಲೆ ದಡಕ್ಕೆ ಬಂದಾಗಲೇ. ಆಗ ಕೆಲಸದವರಿಗೆಲ್ಲ ಬಿಡುಗಡೆ. ಪ್ರೇಮಾನಂದನೂ ಆ ದಿನ ಶಿಸ್ತಾಗಿ ಪ್ರತಿ ಬೋಟಿನ ಇಡೀ ವರ್ಷದ ಹೆಸರುಪಟ್ಟಿಯನ್ನು ಒರೆಸುತ್ತಿದ್ದ, ಆಗಸ್ಟಿಗೆ ಹೊಸಬರ ಹೆಸರು ಸೇರಬೇಕಲ್ಲ. ಒರೆಸಿ, ಚೊಕ್ಕ ಮಾಡಿ, ಆಮೇಲೆ ನಕಲು ತೆಗೆಯುತ್ತಿದ್ದ. ಮನೆ ಗುಡಿಸಿ ಬೀಗ ಹಾಕಿದ ಹಾಗೆ.

ಇದರ ಫಲ ಗೊತ್ತಾದದ್ದು ಈ ಜನವರಿಯ ಒಂದು ಶುಕ್ರವಾರ, ಮೀನು ಮಾರುವ ವನಜ ಬುಟ್ಟಿಯನ್ನು ಹೊರಗಿಟ್ಟು ಒಳಗೆ ಬಂದಾಗ.

"ಎಂಟ್ ವರ್ಷದ ಹಿಂದಿಂದ್ ಸಿಕ್ಕತ್ತಾ?" ಎಂದು ಕೇಳಿದಳು.

"ಎಂತಕ್ಕೆ ಸಿಕ್ಕುದಿಲ್ಲೆ? ತಾರೀಕ್ ಹೇಳಿ" ಎಂದ ಪ್ರೇಮಾನಂದ. ಎದೆ ಆಗಲೇ ಉಬ್ಬಿತ್ತು.

ಅವಳು ಹೇಳಿದ್ದು ತಾಯಿ ತೀರಿಕೊಂಡ ದಿನ. ತಮ್ಮ ಬಚ್ಚ ಮಣ್ಣಿಗೆ ಬರಲಿಲ್ಲ. ಕಡಲಿನಲ್ಲಿದ್ದೆ ಎಂದು ಅವನು ಹೇಳಿದ. ಸಾಸ್ತಾನದ ಪೇಟೆಯಲ್ಲಿ ಕುಡಿದು ಕೂತಿದ್ದ, ಕಣ್ಣಾರೆ ಕಂಡೆವು ಎಂದು ಇಬ್ಬರು ಹೇಳಿದರು. ಅವನ ತಾಂಡೇಲ ಸತ್ತು ಹೋಗಿದ್ದ, ಬೋಟಿನ ಉಳಿದವರು ಅವನ ಗೆಳೆಯರೇ, ಅವರ ಮಾತು ನಂಬುವ ಹಾಗಿಲ್ಲ. ಅಂದಿನಿಂದ ಅಕ್ಕ ತಮ್ಮನಿಗೆ ಮಾತಿಲ್ಲ. ಈಗ ವನಜಳ ಮಗಳು ದಿವ್ಯಾಳ ಮದುವೆ. ಧಾರೆಗೆ ಸೋದರಮಾವ ಬೇಕು.

"ಅವ ಬೋಟಲ್ಲಿದ್ದದ್ದ್ ಹೌದಾರೆ ನಾನೇ ಹೋಯಿ ಕರಿತೆ. ಅಲ್ದಾರೆ ಅವ್ನ ನೆರಳೂ ಬ್ಯಾಡ" ಎಂದಳು ವನಜ.

ಪ್ರೇಮಾನಂದ ಆ ವರ್ಷದ ನಕಲನ್ನು ತೆರೆದ. ಬಚ್ಚನ ಬೋಟಿನ ಹೆಸರಿತ್ತು, ನಂಬರಿತ್ತು. ಜನ ಸೊನ್ನೆ. ಪಕ್ಕದ ಬೋಟು ತೆರೆದ, ಸೊನ್ನೆ. ಡಿಸ್ಕು ಮನೆಯಲ್ಲಿದೆ, ಸೋಮವಾರ ಬನ್ನಿ ಎಂದು ಸುಳ್ಳು ಹೇಳಿ ಕಳಿಸಿದ. ಆಮೇಲೆ ಒಂದೊಂದೇ ವರ್ಷ ತೆರೆಯುತ್ತಾ ಹೋದ. ವರ್ಷವರ್ಷವೂ ನಕಲು ತೆರೆಯುತ್ತದೋ ಎಂದು ಪರೀಕ್ಷೆ ಮಾಡಿದ್ದ ಪುಣ್ಯಾತ್ಮ, ಒಳಗೆ ಏನಿದೆ ಎಂದು ಒಂದು ಸಲವಾದರೂ ಇಣುಕಬೇಡವೇ? ಆ ನಕಲುಗಳ ಪ್ರಕಾರ ಹದಿನಾಲ್ಕು ವರ್ಷ ನಮ್ಮ ಬಂದರಿನಿಂದ ಒಬ್ಬ ನರಪಿಳ್ಳೆಯೂ ಕಡಲಿಗೆ ಹೋಗಿರಲಿಲ್ಲ.

ಎರಡು ದಿನ ಅವನು ಮನೆಯ ಒಳಗೂ ಅಂಗಳಕ್ಕೂ ಓಡಾಡಿದ. ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಕೊಂಡ. "ಕಾಲಡಿಗೆ ಇರುವೆ ಹತ್ತಿತ್ತಾ ಎಂತ ನಿಮ್ಗೆ?" ಎಂದು ಹೆಂಡತಿ ಶ್ರೀಲತಾ ಗದರಿದಳು. ಅವನ ತಲೆಯೊಳಗೆ ಒಂದೇ ಯೋಚನೆ: ಒಂದು ಹೆಸರು ಒತ್ತಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ, ಅಕ್ಕ ತಮ್ಮ ಒಂದಾಗುತ್ತಾರೆ, ತನ್ನ ಮಾನವೂ ಉಳಿಯುತ್ತದೆ. ಸೋಮವಾರ ಎಲ್ಲರಿಗಿಂತ ಮೊದಲು ಬಂದು ಒತ್ತಿಯೂ ಬಿಟ್ಟ. ಬಚ್ಚ. ಖಾಲಿ ಬೋಟಿನಲ್ಲಿ ಒಬ್ಬನೇ ಬಚ್ಚ. ನೋಡಲಾಗಲಿಲ್ಲ. ಅಳಿಸಿದ. ಮತ್ತೆ ಒತ್ತಿದ. ವನಜಳ ಚಪ್ಪಲಿ ಸದ್ದು ಕೇಳಿದಾಗ ಪುನಃ ಅಳಿಸಿದ.

"ಅವನ ಹೆಸ್ರ್ ಇಲ್ಲೆ" ಎಂದ.

ವನಜ ಬಾಗಿಲ ಕಡೆಗೆ ತಿರುಗಿದಳು. "ನಂಗೆ ಮೊದ್ಲೇ ಗೊತ್ತಿತ್ತ್."

"ಹಾಂಗಲ್ಲ. ಯಾರ್ ಹೆಸ್ರೂ ಇಲ್ಲೆ. ನಾನೇ ಒರ್ಸಿದ್ದ್. ತಪ್ಪ್ ನಂದ್." ಹೇಳುವಾಗ ಅವನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅವಳು ನಂಬಲಿಲ್ಲ. ಮೇಜಿನ ಹತ್ತಿರ ಬಂದು, "ನಮ್ಮ ಇವ್ರೂ ಆ ದಿನ ಹೊರ್ಗೇ ಇದ್ದಿದ್ರ್, ಬೇರೆ ಬೋಟಲ್ಲಿ. ಮೂರ್ ದಿನ ಕಳ್ದ್ ಬಂದದ್ದ್. ಅದನ್ ಕಾಣಿ" ಎಂದು ಬೋಟಿನ ಹೆಸರು ಹೇಳಿದಳು. ಪ್ರೇಮಾನಂದ ತೆರೆದು ತೋರಿಸಿದ. ಅವಳ ಗಂಡ ಮುತ್ತುವಿನ ಹೆಸರೂ ಇರಲಿಲ್ಲ.

"ಇವ್ರ್ ಕಡ್ಲಿಗ್ ಹೋದದ್ದ್ ಹೌದಂತ ನಿಮ್ಗೆ ಹ್ಯಾಂಗ್ ಗೊತ್ತಾಯ್ತ್?" ಎಂದು ಕೇಳಿದ. ಜಾಣತನದಿಂದ ಕೇಳಿದ್ದಲ್ಲ, ಯಾವುದಾದರೂ ಚೀಟಿಪಾಟಿ ಉಳಿದಿರಬಹುದೇ ಎಂಬ ಆಸೆ ಅಷ್ಟೆ.

"ಅವ್ರೇ ಹೇಳಿದ್ರಲೆ" ಎಂದಳು ವನಜ.

ಹೇಳಿದವಳು ಅಲ್ಲೇ ನಿಂತಳು. ಆಮೇಲೆ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಪ್ರೇಮಾನಂದನೂ ಕೂತ.

"ಬಚ್ಚನ ಫೋನ್ ನಂಬ್ರ್ ಇತ್ತಾ ನಿಮ್ಮಲ್ಲಿ?"

ಈ ವರ್ಷದ್ದು ಇತ್ತು. ಅವನು ಒಂದೊಂದೇ ಅಂಕಿ ಹೇಳಿದ, ಅವಳು ಒತ್ತಿದಳು. ಆ ಕಡೆಯಿಂದ ಬಚ್ಚ ಮಾತಾಡಲಿಲ್ಲ. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಂದು ಹೆಣ್ಣುದನಿ ಹೇಳಿತು.

ಪ್ರೇಮಾನಂದ ಇವತ್ತಿನ ಪಟ್ಟಿಯನ್ನು ತೆರೆಯಲು ಹೋದ.

"ಬ್ಯಾಡ, ಕಾಂಬುದ್ ಬ್ಯಾಡ" ಎಂದಳು ವನಜ. "ಕಡ್ಲಲ್ಲಿದ್ದ ಅವ. ಬಂದ್ಮೇಲೆ ಫೋನ್ ಮಾಡ್ತೆ."